ಗೆರಟೆಯ ತಳದ ಹೊನ್ನೆಕಾಯಿ

ಐದು ವರ್ಷ ತುಂಬದ ಮನುಷ್ಯನನ್ನು ಸರಕಾರವು ಮನುಷ್ಯನೆಂದು ಒಪ್ಪುವುದಿಲ್ಲ. ಅವನ ಹೆಸರು ಹಾಜರಿ ಪುಸ್ತಕದಲ್ಲಿಲ್ಲ. ಆದಕಾರಣ ಅವನೂ ಇಲ್ಲ. ಇಂಥ ಇಲ್ಲದ ಮನುಷ್ಯರು ಹತ್ತು ಹನ್ನೆರಡು ಮಂದಿ ದಿನಾ ಬೆಳಿಗ್ಗೆ ಅಕ್ಕಂದಿರ ಸೊಂಟವೇರಿ ನಮ್ಮ ಶಾಲೆಗೆ ಚಿತ್ತೈಸುತ್ತಿದ್ದರು. ಇಲ್ಲದವರಾದರೂ ಅವರು ಅಳುತ್ತಿದ್ದರು, ಬಳಪ ತಿನ್ನುತ್ತಿದ್ದರು, ಮಗ್ಗಿ ಹೇಳಿಸುವ ಹೊತ್ತಿಗೆ ಸರಿಯಾಗಿ ನೆಲ ಒದ್ದೆ ಮಾಡುತ್ತಿದ್ದರು.

ಶಾಲೆ ಇದ್ದದ್ದು ಮೊಗ್ರಾಲಿನಲ್ಲಿ, ಹೊಳೆ ಸಮುದ್ರ ಸೇರುವ ಅಳಿವೆಯ ಹತ್ತಿರ. ಆಗ ನಾವು ಇನ್ನೂ ಮದರಾಸಿನ ಪ್ರಜೆಗಳು. ಮುರಕಲ್ಲಿನ ಗಿಡ್ಡ ಗೋಡೆ, ತೆಂಗಿನ ಮಡಲಿನ ಮಾಡು, ಸುತ್ತಲೂ ಹೊಯಿಗೆ, ಬರೀ ಮರಳು. ಮಾಸ್ತರುಗಳು ಇಬ್ಬರು. ಮೇಲಿನ ಮೂರು ತರಗತಿಗಳನ್ನು ಹೆಡ್‌ಮಾಸ್ತರರು ಆಳುತ್ತಿದ್ದರು. ಕೆಳಗಿನ ಎರಡು ನನ್ನ ಪಾಲಿಗೆ ಬಂದಿದ್ದವು. ಹೆಡ್‌ಮಾಸ್ತರರು ನನಗಿಂತ ಬಹಳ ಹಿರಿಯರು, ಸಜ್ಜನರು, ನಶ್ಯಪ್ರಿಯರು. ಮೇಲಿನವರು ಬಂದಾಗ ಶಾಲೆಯಲ್ಲಿ ಯಾವುದೂ ಅಲುಗಾಡಬಾರದು ಎಂಬುದು ಅವರ ಶಿಕ್ಷಣ ತತ್ವ.

ಸೊಂಟದ ಮಕ್ಕಳು ಶಾಲೆಗೆ ಏಕೆ ಬರುತ್ತಿದ್ದರು ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಊರಿನ ಗಂಡಸರು ಸಮುದ್ರಕ್ಕೆ ಹೋಗುವವರು. ಹೆಂಗಸರು ಮೀನಿನ ಬುಟ್ಟಿ ತಲೆಗೇರಿಸಿ ಪುತ್ತಿಗೆಯ ಕಡೆಯ ಬೇಸಾಯದ ಮನೆಗಳಿಗೆ ನಡೆಯುವವರು; ಅಲ್ಲಿ ಮೀನು ಕೊಟ್ಟು ಭತ್ತವನ್ನೋ ಅಕ್ಕಿಯನ್ನೋ ಅಳೆಸಿಕೊಂಡು ಮಧ್ಯಾಹ್ನ ದಾಟಿದ ಮೇಲೆ ಹಿಂದಿರುಗುವವರು. ಮನೆಯ ಸಣ್ಣದನ್ನು ನೋಡಿಕೊಳ್ಳುವ ಕೆಲಸ ಎಂಟೊಂಬತ್ತು ವರ್ಷದ ಮಗಳದು. ಸಣ್ಣದನ್ನು ಹೊತ್ತು ಬರಲು ಬಿಟ್ಟರೆ ಮಗಳು ಶಾಲೆಗೆ ಬರುತ್ತಾಳೆ, ಬಿಡದಿದ್ದರೆ ಇಲ್ಲ. ನಮ್ಮ ಶಾಲೆಯ ಹೆಣ್ಣುಮಕ್ಕಳ ವಿದ್ಯಾಭ್ಯಾಸವೆಲ್ಲ ಹೀಗೆ ಅವರ ಸೊಂಟದ ಮೇಲೆ ಕುಳಿತಿತ್ತು.

ಆ ವರ್ಷ ಇನ್‌ಸ್ಪೆಕ್ಟರರು ಕಡವು ದಾಟಿ ದೋಣಿಯಲ್ಲಿ ಬಂದರು. ತಲೆಯ ಮೇಲಿದ್ದ ದೊಡ್ಡ ಬಿಸಿಲುಟೊಪ್ಪಿಯನ್ನು ತೆಗೆದು ಬೆಂಚಿನ ಮೇಲೆ ಅಂಗಾತ ಇಟ್ಟರು. ಮೂರನೆಯ ತರಗತಿಯ ಒಬ್ಬ ಹುಡುಗಿಯನ್ನು ಎಬ್ಬಿಸಿ ಪಾಠ ಓದಿಸಿದರು. ಇಡೀ ಶಾಲೆಯಲ್ಲಿ ತಡವರಿಸದೆ ಓದುವವಳು ಅವಳೊಬ್ಬಳೇ. ಓದುವುದಕ್ಕಾಗಿ ಅವಳು ಸೊಂಟದಿಂದ ತಂಗಿಯನ್ನು ಕೆಳಗಿಳಿಸಿದಳು. ಆ ತಂಗಿ, ಬೆಂಚು ಹತ್ತಿ, ಟೊಪ್ಪಿಯನ್ನು ಒಮ್ಮೆ ನೋಡಿ, ಇದು ತನ್ನ ಅಳತೆಗೇ ಮಾಡಿದ್ದೆಂದು ತೀರ್ಮಾನಿಸಿ, ಒಳಗೆ ಕುಳಿತು, ತನ್ನ ಕೆಲಸ ಮುಗಿಸಿತು.

"ಇದೇನು ಶಾಲೆಯೋ, ತೊಟ್ಟಿಲ ಮನೆಯೋ?" ಎಂದರು ಇನ್‌ಸ್ಪೆಕ್ಟರರು.

ಹೆಡ್‌ಮಾಸ್ತರರು ಟೊಪ್ಪಿಯನ್ನು ಬಾವಿಕಟ್ಟೆಗೆ ಒಯ್ದರು. ಹಿಂದಿರುಗುವುದರೊಳಗೆ ತೀರ್ಪು ಹೊರಬಿದ್ದಿತ್ತು. ವರ್ಷ ಮುಗಿಯುವ ಮೊದಲು ನಡೆಯುವ ಮುಂದಿನ ತಪಾಸಣೆಯ ಹೊತ್ತಿಗೆ ಈ ಮಕ್ಕಳು ಶಾಲೆಯಲ್ಲಿ ಕಾಣಬಾರದು. "ಇಟ್ಟುಕೊಳ್ಳಲೇಬೇಕೆಂದಿದ್ದರೆ ಕ್ರಮವಾಗಿ ಶಿಶುವರ್ಗ ನಡೆಸಿ. ಹತ್ತರೊಳಗೆ ಕೂಡುವುದು, ಕಳೆಯುವುದು, ಎರಡನ್ನೂ ಈ ಮಕ್ಕಳಿಂದ ಮಾಡಿಸಿ ತೋರಿಸಿ. ಆಮೇಲೆ ನೋಡೋಣ." ಹುಲಿಯ ಹಾಲು ತಾ ಎನ್ನುವವರ ದನಿ ಅದು.

"ಆಗಲಿ ಸಾರ್, ನಾಳೆಯಿಂದ ಯಾರೂ ಬರುದಿಲ್ಲ," ಎಂದರು ಹೆಡ್‌ಮಾಸ್ತರರು.

"ಇವರು ಬಾರದಿದ್ದರೆ ಅಕ್ಕಂದಿರೂ ಬರುದಿಲ್ಲ ಸಾರ್," ಎಂದೆ ನಾನು.

ಇನ್‌ಸ್ಪೆಕ್ಟರರು ಮೂರನೆಯ ತರಗತಿಯ ಹುಡುಗಿಯನ್ನು ನೋಡಿದರು. ಅವಳು ಇನ್ನೂ ಪುಸ್ತಕ ತೆರೆದು ನಿಂತೇ ಇದ್ದಳು. ಯಾರೂ ಸಾಕು ಎಂದಿರಲಿಲ್ಲ. "ಇವಳು ಓದಿ ಎಂತ ಆಗಲಿಕ್ಕುಂಟು? ಬುಟ್ಟಿಯೊಳಗಿನ ಮೀನಿಗೆ ಪಾಠ ಓದಿ ಹೇಳುವುದಾ?" ಎಂದು ನಕ್ಕರು. ಹೆಡ್‌ಮಾಸ್ತರರೂ ಸೌಜನ್ಯಕ್ಕೆ ನಕ್ಕರು.

"ಮಾಡಿ ತೋರಿಸ್ತೇವೆ ಸಾರ್," ಎಂಬ ಮಾತು ನನ್ನ ಬಾಯಿಂದ ಬಂತು. "ಕೂಡುವುದು, ಕಳೆಯುವುದು, ಎರಡೂ."

ದೋಣಿ ಆಚೆ ದಡ ಮುಟ್ಟುವವರೆಗೆ ಹೆಡ್‌ಮಾಸ್ತರರು ಕೈ ಮುಗಿದುಕೊಂಡೇ ನಿಂತಿದ್ದರು. ಆಮೇಲೆ ನಶ್ಯದ ಡಬ್ಬಿ ತೆರೆದರು. "ನಿನಗೆ ಮರ್ಲಾ ಮಾರಾಯ? ಎರಡನೆಯ ತರಗತಿಯವರಿಗೇ ಕಳೆಯಲಿಕ್ಕೆ ಬರುದಿಲ್ಲ. ಇವು ಮೂಗು ಒರಸ್ಲಿಕ್ಕೂ ಅಕ್ಕನನ್ನು ಕರೆಯುವ ಜಾತಿ."

"ಎರಡನೆಯವರಿಗೆ ಬರುದಿಲ್ಲ, ನಿಜ. ಅವರಿಗೆ ಕಲಿಸಿದ್ದು ನಾವಲ್ವಾ? ಇವರಿಗೆ ಇನ್ನೂ ಯಾರೂ ಎಂತದೂ ಕಲಿಸಿಲ್ಲ. ಅದೇ ಧೈರ್ಯ."

ಶಾಲೆಯ ಜಗಲಿಯ ತೆಂಕು ಮೂಲೆಯಲ್ಲಿ ಶಿಶುವರ್ಗವು ಸ್ಥಾಪನೆಯಾಯಿತು. ಮೊದಲಿಗೆ ನಾನು ಶಾಸ್ತ್ರೋಕ್ತವಾಗಿ ನಡೆದೆ. ಒಂದು, ಎರಡು, ಮೂರು ಎಂದು ಹೇಳಿಕೊಟ್ಟೆ. ಮಕ್ಕಳು ಅದನ್ನು ಭಜನೆಯಂತೆ ಹಾಡಿದರು, ತಾಳವನ್ನೂ ಹಾಕಿದರು. ಎರಡು ಕಡ್ಡಿ ತಾ ಎಂದರೆ ಮುಷ್ಟಿ ತುಂಬ ತಂದರು. ಸಂಖ್ಯೆ ಅವರ ನಾಲಗೆಯಲ್ಲಿತ್ತು, ಕೈಗೆ ಇಳಿದಿರಲಿಲ್ಲ. ಅದಲ್ಲದೆ ಮನೆಯಲ್ಲಿ ಅವರದು ತುಳು. ನನ್ನ ಕನ್ನಡದ 'ಎರಡು' ಅವರಿಗೆ ಮಂತ್ರಕ್ಕೆ ಸಮ. ಹಾಗಾಗಿ ಕ್ರಮವನ್ನು ಬುಡಮೇಲು ಮಾಡಿದೆ. ಮೊದಲು ಕೈ, ಆಮೇಲೆ ತುಳು, ಕೊನೆಗೆ ಕನ್ನಡ. ಒಂಜಿ, ರಡ್ಡ್, ಮೂಜಿ ಎಂದು ಜಗಲಿಯಿಂದ ಕೇಳಿದೊಡನೆ ಹೆಡ್‌ಮಾಸ್ತರರು ಓಡಿ ಬಂದರು.

"ಕನ್ನಡ ಶಾಲೆಯಲ್ಲಿ ತುಳುವಿನಲ್ಲಿ ಲೆಕ್ಕವಾ?"

"ಬೂತಾಯಿ ಮೀನನ್ನು ಯಾವ ಭಾಷೆಯಲ್ಲಿ ಎಣಿಸಿದ್ರೂ ಬುಟ್ಟಿಯಲ್ಲಿ ಇದ್ದಷ್ಟೇ ಉಂಟಲ್ಲ, ಹೆಡ್‌ಮಾಸ್ಟ್ರೆ?"

ಎಣಿಸಲು ಹುಣಸೆಬೀಜ ತಂದಿಟ್ಟೆ. ನುಣುಪಾದ, ಚೆಂದದ ಬೀಜಗಳು. ಎರಡನೆಯ ದಿನವೇ ಒಬ್ಬ ಗಣಿತಜ್ಞ ಒಂದನ್ನು ಮೂಗಿಗೇರಿಸಿದ. ಎಳೆದರೆ ಇನ್ನೂ ಮೇಲಕ್ಕೆ ಹೋಗುವ ಲಕ್ಷಣ. ಅವನ ಅಕ್ಕ ಅಳತೊಡಗಿದಳು; ಅವಳನ್ನು ನೋಡಿ ಶಿಶುವರ್ಗವೆಲ್ಲ ಅಳತೊಡಗಿತು. ಹೆಡ್‌ಮಾಸ್ತರರು ಒಂದು ಚಿಟಿಕೆ ನಶ್ಯವನ್ನು ಹುಡುಗನ ಮೂಗಿನ ಹತ್ತಿರ ಹಿಡಿದರು. ಅವನು ಇಡೀ ಮೈಯಿಂದ ಸೀನಿದ. ಬೀಜ ಹೋಗಿ ಬೋರ್ಡಿಗೆ ಬಡಿಯಿತು. ನಶ್ಯದ ಬಲದಿಂದ ವ್ಯವಕಲನ ನಡೆದದ್ದು ಮದರಾಸು ಸರಕಾರದ ಆಳ್ವಿಕೆಯಲ್ಲಿ ಬಹುಶಃ ಅದೇ ಮೊದಲು.

ಹುಣಸೆಬೀಜವನ್ನು ರದ್ದು ಮಾಡಿ ಹೊನ್ನೆಕಾಯಿಯನ್ನು ಹಿಡಿದೆ. ಶಾಲೆಯ ಹಿಂದೆ ಕಡಲ ಕರೆಯಲ್ಲಿ ಹೊನ್ನೆಮರಗಳಿದ್ದವು. ಒಣಗಿ ಬಿದ್ದ ಕಾಯಿ ನಿಂಬೆಯಷ್ಟಿಲ್ಲದಿದ್ದರೂ ಯಾವ ಮೂಗಿಗೂ ಹಿಡಿಸದಷ್ಟು ದೊಡ್ಡದು. ಕಹಿ, ಆದ್ದರಿಂದ ತಿನ್ನುವ ಭಯವಿಲ್ಲ. ದೋಷವೆಂದರೆ ಅದು ಉರುಳುತ್ತದೆ. ನಮ್ಮ ಜಗಲಿ ಪಡುವಣಕ್ಕೆ ಇಳಿಜಾರು. ಐದು ಕಾಯಿ ಇಟ್ಟು ಮಗುವಿನ ಕಡೆ ತಿರುಗುವಷ್ಟರಲ್ಲಿ ಅವೆಲ್ಲ ಸಮುದ್ರದ ದಾರಿ ಹಿಡಿದಿರುತ್ತಿದ್ದವು.

"ಮನೆಯಿಂದ ಒಂದೊಂದು ಗೆರಟೆ ತನ್ನಿ," ಎಂದು ಅಕ್ಕಂದಿರಿಗೆ ಹೇಳಿದೆ. ಘಟ್ಟದ ಮೇಲಿನವರು ಕರಟ ಎನ್ನುವ ತೆಂಗಿನ ಚಿಪ್ಪು. ಅಂಚನ್ನು ಮುರಕಲ್ಲಿಗೆ ತಿಕ್ಕಿ ನಯ ಮಾಡಿಸಿದೆವು. ಈಗ ಪಾಠ ಹಳಿಗೆ ಬಂತು. ಕೆಲವು ದಿನ ಲೆಕ್ಕದ ಹೆಸರನ್ನೇ ಎತ್ತಲಿಲ್ಲ. ಅಂಗಳಕ್ಕೆ ಕೋಳಿ ಬಂದರೆ ಗೆರಟೆಗೆ ಒಂದು ಕಾಯಿ ಹಾಕುವುದು. ಕೋಳಿ ಬೇಲಿ ದಾಟಿ ಹೋದರೆ ಒಂದು ತೆಗೆಯುವುದು. ಹಾಕು, ತೆಗೆ, ಹಾಕು, ತೆಗೆ. ಗೆರಟೆಯೊಳಗೆ ಎಷ್ಟಿದೆಯೋ ಬೇಲಿಯೊಳಗೆ ಅಷ್ಟು ಕೋಳಿ ಎಂಬ ಮಹಾಸತ್ಯ ಅವರಿಗೆ ಮೆಲ್ಲನೆ ಹೊಳೆಯಿತು. ಐದರ ಮೇಲೆ ಹೋಗಲಿಲ್ಲ. ಐದು ಕೈಗೆ ಕುಳಿತ ಮೇಲೆ ಮಾತ್ರ ಆರು.

ಕೂಡುವುದಕ್ಕೆ ತೊಡಗಿದಾಗ ಮೊದಲ ಪೆಟ್ಟು ಬಿತ್ತು. ಒಬ್ಬನ ಗೆರಟೆಯಲ್ಲಿ ಮೂರು, ಇನ್ನೊಬ್ಬನ ಕೈಯಲ್ಲಿ ಎರಡು. "ನಿನ್ನದನ್ನು ಅವನಿಗೆ ಹಾಕು. ಈಗ ಎಷ್ಟಾಯ್ತು?" ಹಾಕಿದ. ಎಣಿಸಿದರು. ಆರು. ಇನ್ನೊಂದು ಜೋಡಿಯನ್ನು ಕರೆದೆ. ಎರಡು, ಎರಡು. ಐದು. ನಾನು ಬಗ್ಗಿ ಕುಳಿತು ನೋಡಿದೆ. ಹುಡುಗ ತನ್ನ ಕೈಯ ಎರಡನ್ನು ಹಾಕಿ, ಪಕ್ಕದ ರಾಶಿಯಿಂದ ಇನ್ನೊಂದನ್ನು ಹೆಕ್ಕಿ, ಮೇಲಿನಿಂದ ಇಟ್ಟ.

"ಅದೆಂತದು?"

"ಕೊಸರು," ಎಂದ. ಇಷ್ಟೂ ಗೊತ್ತಿಲ್ಲವೇ ಎಂಬ ಕನಿಕರ ಅವನ ಮುಖದಲ್ಲಿತ್ತು.

ತಾಯಂದಿರು ಮೀನು ಎಣಿಸಿ ಕೊಟ್ಟ ಮೇಲೆ ಒಂದನ್ನು ಹೆಚ್ಚಿಗೆ ಹಾಕುತ್ತಾರೆ. ಪುತ್ತಿಗೆಯ ಮನೆಯಾಕೆ ಭತ್ತ ಅಳೆದ ಮೇಲೆ ಒಂದು ಹಿಡಿ ಹೆಚ್ಚಿಗೆ ಸುರಿಯುತ್ತಾಳೆ. ಇನ್ನೊಬ್ಬರಿಗೆ ಕೊಡುವಾಗ ಲೆಕ್ಕಕ್ಕೆ ಸರಿಯಾಗಿ ಕೊಟ್ಟು ಕೈ ಕೊಡವುವವನು ಮನುಷ್ಯನಲ್ಲ. ನಾನು ಮಕ್ಕಳಿಂದ ಅಮಾನುಷ ಕೆಲಸ ಮಾಡಿಸುತ್ತಿದ್ದೆ. ಉಪಾಯ ಸುಲಭದ್ದೇ ಆಗಿತ್ತು. ಎರಡು ಪಾಲನ್ನೂ ಒಂದೇ ಮಗು ತನ್ನ ಗೆರಟೆಗೆ ತಾನೇ ಹಾಕಿಕೊಳ್ಳುವಂತೆ ಮಾಡಿದೆ. ಕೊಸರು ಮಾಯವಾಯಿತು. ತನಗೆ ತಾನೇ ಕೊಸರು ಹಾಕಿಕೊಳ್ಳುವವರಿಗೆ ಲೋಕದಲ್ಲಿ ಬೇರೆ ಹೆಸರುಂಟು. ಆ ವಯಸ್ಸಿನಲ್ಲಿ ಅವರು ಅಲ್ಲಿಯವರೆಗೆ ಬೆಳೆದಿರಲಿಲ್ಲ. ಇನ್ನೊಬ್ಬರಿಗೆ ಕೊಡಲೇಬೇಕಾಗಿ ಬಂದರೆ ಲೆಕ್ಕವೆಷ್ಟು, ಕೊಸರೆಷ್ಟು ಎಂದು ಬೇರೆಬೇರೆಯಾಗಿ ಹೇಳಬೇಕೆಂದು ಕಟ್ಟಳೆ ಮಾಡಿದೆ.

ಕಳೆಯುವುದು ನನ್ನನ್ನು ನಿಜವಾಗಿ ಕೆಡವಿತು.

ಐದರಿಂದ ಎರಡು ತೆಗೆದರೆ ಮೂರು. ಸರಿ. ನಾಲ್ಕರಿಂದ ಒಂದು ತೆಗೆದರೆ ಮೂರು. ಅದೂ ಸರಿ. ಮೂರರಿಂದ ಮೂರು ತೆಗೆ ಎಂದರೆ ಎರಡು ತೆಗೆದು ಸುಮ್ಮನೆ ಕುಳಿತರು. ಗೆರಟೆಯ ತಳದಲ್ಲಿ ಒಂದು ಹೊನ್ನೆಕಾಯಿ. ಎಲ್ಲ ಗೆರಟೆಗಳಲ್ಲಿಯೂ ಅದೇ. "ಎಲ್ಲ ತೆಗೆ" ಎಂದೆ. ನನ್ನ ಮುಖವನ್ನೇ ನೋಡಿದರು. ನಾನೇ ತೆಗೆದು ತೋರಿಸಿದೆ. ನಾನು ಆಚೆ ತಿರುಗಿದ ಕೂಡಲೆ ಒಂದು ಕಾಯಿ ಮತ್ತೆ ತಳಕ್ಕೆ ಬಂದು ಕುಳಿತಿರುತ್ತಿತ್ತು. ಬೆದರಿಸಿದೆ. ಬೆಲ್ಲದ ಆಸೆ ತೋರಿಸಿದೆ. ಬೆಲ್ಲ ತಿಂದು, ಕಾಯಿಯನ್ನು ಅಲ್ಲೇ ಇಟ್ಟರು.

"ಇದಕ್ಕೆ ತಲೆ ಬೇಕು ಮಾರಾಯ," ಎಂದರು ಹೆಡ್‌ಮಾಸ್ತರರು. "ಸೊನ್ನೆ ಅಂದ್ರೆ ದೊಡ್ಡವರಿಗೇ ಅರ್ಥ ಆಗುದಿಲ್ಲ."

ಒಂದು ದಿನ ತಾಳ್ಮೆ ತಪ್ಪಿ, ಟೊಪ್ಪಿಯ ಖ್ಯಾತಿಯ ಆ ತಂಗಿಯ ಕೈ ಹಿಡಿದು, ಅವಳ ಕೈಯಿಂದಲೇ ಗೆರಟೆಯನ್ನು ಕವುಚಿ ಹಾಕಿಸಿದೆ. ಕಾಯಿ ಉರುಳಿ ಅಂಗಳಕ್ಕೆ ಬಿತ್ತು. ಅವಳು ಅಳಲಿಲ್ಲ. ಗೆರಟೆಯೊಳಗೆ ಒಮ್ಮೆ ಇಣುಕಿ ನೋಡಿ, ಎದ್ದು ಹೋಗಿ, ಮೂರನೆಯ ತರಗತಿಯಲ್ಲಿ ಅಕ್ಕನ ಬೆನ್ನಿನ ಹಿಂದೆ ಅಡಗಿ ಕುಳಿತಳು.

ಮರುದಿನ ಅಕ್ಕನೂ ಇಲ್ಲ, ತಂಗಿಯೂ ಇಲ್ಲ. ಅವರ ಕೇರಿಯ ಬೇರೆ ಹುಡುಗಿಯರ ಜಾಗವೂ ಖಾಲಿ. ಮಧ್ಯಾಹ್ನ ಕಳೆದ ಮೇಲೆ ಅವರ ತಾಯಿ ಪುತ್ತಿಗೆಯಿಂದ ನೇರ ಶಾಲೆಗೇ ಬಂದರು. ತಲೆಯ ಮೇಲೆ ಬುಟ್ಟಿ ಹಾಗೇ ಇತ್ತು.

"ಗೆರಟೆ ಕವುಚಿ ಹಾಕ್ಸಿದ ಮಾಷ್ಟ್ರು ಯಾರು?"

ಹೆಡ್‌ಮಾಸ್ತರರು ತಡಮಾಡದೆ ನನ್ನ ಕಡೆ ಬೆರಳು ತೋರಿಸಿದರು.

"ಅದು ಲೆಕ್ಕ, ಅಕ್ಕ," ಎಂದೆ. "ಮೂರರಲ್ಲಿ ಮೂರು ಕಳೆಯುದು."

"ಎಂತ ಲೆಕ್ಕ ಮಾಷ್ಟ್ರೆ? ನಾವು ಮನೆಯಲ್ಲಿ ಅಕ್ಕಿ ಅಳೆಯುದು ಗೆರಟೆಯಲ್ಲಿ. ಅದ್ರ ತಳ ತೋರ್ಸ್ಲಿಕ್ಕೆ ಆಗುದಿಲ್ಲ. ಒಂದು ಹಿಡಿ ಬಾಕಿ ಇರ್ಬೇಕು. ಹಿಡಿ ಇಲ್ಲದ್ರೆ ನಾಲ್ಕು ಕಾಳಾದ್ರೂ ಇರ್ಬೇಕು. ಹೆಣ್ಣು ಮಗುವಿನ ಕೈಯಿಂದ ಕವುಚಿ ಹಾಕ್ಸಿದ್ರಲ್ಲ, ನಮ್ಮ ಮನೆಯಲ್ಲಿ ಅನ್ನ ಬೇಡ್ವಾ?"

"ಅದು ಸರಕಾರದ ಪಾಠ," ಎಂದರು ಹೆಡ್‌ಮಾಸ್ತರರು, ಕಿಟಕಿಯ ಆಚೆಯಿಂದ.

"ಹೌದಾ? ಹಾಗಾದ್ರೆ ಸರಕಾರದ ಗೆರಟೆ ತರ್ಸಿ, ಸರಕಾರದ ಮಕ್ಕಳ ಕೈಯಿಂದ ಕವುಚಿ ಹಾಕ್ಸಿ. ಇದು ನನ್ನ ಗೆರಟೆ." ಜಗಲಿಯಲ್ಲಿದ್ದ ತಮ್ಮ ಮನೆಯ ಗೆರಟೆಯನ್ನು ಗುರುತು ಹಿಡಿದು ತೆಗೆದುಕೊಂಡರು. "ನಿಮ್ಮ ಮನೆಯಲ್ಲಿ ಹೇಗೆ ಮಾಷ್ಟ್ರೆ? ನಿಮ್ಮ ತಾಯಿ ಅಕ್ಕಿ ಮಡಕೆ ಬರಿದು ಮಾಡಿ ಒರಸಿ ಇಡ್ತಾರಾ?"

ನನ್ನ ತಾಯಿ ಮಡಕೆಯಿಂದ ಅಕ್ಕಿ ತೆಗೆದ ಮೇಲೆ ಪ್ರತಿ ಸಲವೂ ಒಂದು ಹಿಡಿಯನ್ನು ಹಿಂದಕ್ಕೆ ಹಾಕುತ್ತಿದ್ದರು. ಹುಟ್ಟಿದಂದಿನಿಂದ ನೋಡಿದ್ದೆ. ಅದಕ್ಕೂ ವ್ಯವಕಲನಕ್ಕೂ ಸಂಬಂಧವಿದೆಯೆಂದು ತರಬೇತಿ ಶಾಲೆಯಲ್ಲಿ ಯಾರೂ ಹೇಳಿರಲಿಲ್ಲ.

"ದೊಡ್ಡವಳೂ ಇನ್ನು ಬರುದಿಲ್ಲ. ಎರಡೂ ಮನೆಯಲ್ಲೇ ಇರ್ಲಿ," ಎಂದು ಹೊರಟರು.

"ಅಕ್ಕ, ನಿಲ್ಲಿ. ಕವುಚಿ ಹಾಕ್ಸುದಿಲ್ಲ. ನಾನು ಹೇಳಿದ ಮಾತು. ಬಾಯಲ್ಲಿ ಹೇಳ್ಸಿದ್ರೆ ಆಗ್ತದಾ? ಮೂರೂ ತೆಗೆದ್ರೆ ಎಂತ ಇಲ್ಲ ಅಂತ ಬಾಯಲ್ಲಿ ಹೇಳಿದ್ರೆ?"

ಅವರು ಬುಟ್ಟಿಯನ್ನು ಇಳಿಸಿ ಸ್ವಲ್ಪ ಯೋಚಿಸಿದರು. "ಬಾಯಲ್ಲಿ ಹೇಳಿದ್ರೆ ಅಡ್ಡಿ ಇಲ್ಲ. ಬಾಯಲ್ಲಿ ಗಂಡಸರು ಎಷ್ಟೋ ಹೇಳ್ತಾರೆ, ಅದ್ರಿಂದ ಯಾವ ಮನೆ ಮುಳುಗಿತು? ಕೈಯಲ್ಲಿ ಮಾಡ್ಬಾರ್ದು."

"ಕೈಯಲ್ಲಿ ಮಾಡ್ಸುದಿಲ್ಲ."

"ಮಾಡ್ಸಿದ್ರೆ ನಾನು ಬುಟ್ಟಿ ತಕ್ಕೊಂಡು ಬರುದಿಲ್ಲ. ಬರೀ ಕೈಯಲ್ಲಿ ಬರ್ತೇನೆ," ಎಂದರು. ಅದು ಹೆದರಿಸುವ ಮಾತೆಂದು ಅವರ ಕೈ ನೋಡಿದ ಮೇಲೆ ಅರ್ಥವಾಯಿತು. ಗೆರಟೆಯನ್ನು ಜಗಲಿಯಲ್ಲಿ ಮತ್ತೆ ಇಟ್ಟರು. ಇಡುವ ಮೊದಲು ಅದರೊಳಗೆ ಒಂದು ಹೊನ್ನೆಕಾಯಿ ಹಾಕಿದರು.

ಶಾಲೆ ಬಿಟ್ಟ ಮೇಲೆ ನಾನು ಗೆರಟೆಗಳ ಮುಂದೆ ಕುಳಿತೆ. ಮಕ್ಕಳು ತಪ್ಪಿದ್ದು ಎಲ್ಲೆಲ್ಲಿ ಎಂದು ನೆನಪಿಸಿಕೊಳ್ಳತೊಡಗಿದೆ. ಐದರಲ್ಲಿ ಎರಡು, ತಪ್ಪಿಲ್ಲ. ಐದರಲ್ಲಿ ನಾಲ್ಕು, ತಪ್ಪಿಲ್ಲ. ಒಂದು ಹೇಗೂ ಉಳಿಯುತ್ತದೆ. ಐದರಲ್ಲಿ ಐದು ಎಂದಾಗ ಮಾತ್ರ ಕೈ ನಿಲ್ಲುತ್ತದೆ. ಎಲ್ಲಿ ನಿಲ್ಲುತ್ತದೆ? ನಾಲ್ಕು ತೆಗೆದ ಮೇಲೆ ನಿಲ್ಲುತ್ತದೆ. ಇನ್ನೊಂದು ತೆಗೆದರೆ ತಳ ಕಾಣುತ್ತದೆಂದು ಕೈಗೆ ಯಾರು ಹೇಳಿದರು? ತಲೆ ಮುಂಚೆಯೇ ಹೋಗಿ, ಬರಿದಾದ ತಳವನ್ನು ಕಂಡು, ಹಿಂದಿರುಗಿ ಬಂದು ಕೈಯನ್ನು ತಡೆದಿದೆ. ಅಂದರೆ ಉತ್ತರ ಸೊನ್ನೆಯೆಂದು ಮಗುವಿಗೆ ಗೊತ್ತಾದ ಮೇಲೆಯೇ ಒಂದು ಕಾಯಿ ಉಳಿಯುವುದು. ಗೊತ್ತಿಲ್ಲದವನು ಈ ತಪ್ಪನ್ನು ಮಾಡಲಾರ.

ನನ್ನ ತರಗತಿಯ ಅತಿ ದೊಡ್ಡ ತಪ್ಪು ಅತಿ ಸರಿಯಾದ ಉತ್ತರವಾಗಿತ್ತು!

ಮರುದಿನ ಅಕ್ಕತಂಗಿಯರು ಬಂದರು. ನಾನು ಪ್ರಶ್ನೆಯನ್ನು ತಿರುಗಿಸಿದೆ. "ಐದು ಉಂಟು. ತಳ ಕಾಣದ ಹಾಗೆ ಎಷ್ಟು ತೆಗೀಬಹುದು?" ನಾಲ್ಕು, ಎಂದರು. ಏಳರಲ್ಲಿ? ಆರು. ಹತ್ತರಲ್ಲಿ? ಒಬ್ಬ ಹುಡುಗ ಗೆರಟೆ ಮುಟ್ಟದೆಯೇ ಒಂಬತ್ತು ಎಂದ. "ಎಲ್ಲ ತೆಗೆದ್ರೆ ಎಷ್ಟು ಉಳೀತದೆ? ಬಾಯಲ್ಲಿ ಹೇಳಿ." ದಾಲ ಇಜ್ಜಿ, ಎಂತ ಇಲ್ಲ, ಎಂದು ಎರಡು ಭಾಷೆಯಲ್ಲಿಯೂ ಕೂಗಿದರು. ಬಾಯಲ್ಲಿ ಹೇಳುವುದಕ್ಕೆ ಅವರಿಗೂ ಅಡ್ಡಿಯಿರಲಿಲ್ಲ.

ತಪಾಸಣೆ ಹತ್ತಿರ ಬಂದಂತೆ ಹೆಡ್‌ಮಾಸ್ತರರಿಗೆ ನಿದ್ದೆ ಕೆಟ್ಟಿತು. "ಒಂದೇ ಒಂದು ದಿನ ಮಾರಾಯ. ಅವರ ಎದುರು ಒಂದು ಸಲ ಕವುಚಿ ಹಾಕ್ಲಿ. ಆಮೇಲೆ ಗೆರಟೆ ತುಂಬ ಕಾಯಿ ತುಂಬಿಸಿ ಇಡು, ನಾನು ಬೇಡ ಹೇಳುದಿಲ್ಲ."

"ಆಗುದಿಲ್ಲ, ಹೆಡ್‌ಮಾಸ್ಟ್ರೆ."

"ಇನ್‌ಸ್ಪೆಕ್ಟರು ಒಪ್ಪದಿದ್ರೆ ಹುಡುಗಿಯರು ಹೋದ್ರು."

"ಕವುಚಿ ಹಾಕ್ಸಿದ್ರೂ ಹೋದ್ರು. ಇಲ್ಲಿಂದ ಸರಕಾರ ಹೊರಗೆ ಹಾಕ್ತದೆ, ಅಲ್ಲಿಂದ ತಾಯಂದಿರು ಒಳಗೆ ಹಾಕ್ತಾರೆ. ಹೇಗೂ ಹೋಗುದೇ ಆದ್ರೆ ಸರಿ ಉತ್ತರ ಹೇಳಿ ಹೋಗ್ಲಿ. ತಪ್ಪು ಮಾಡಿ ಪಾಸಾಗುದು ಬೇಡ."

"ನೀನು ಮಾತಲ್ಲಿ ಗೆಲ್ತಿ. ಸರಕಾರ ಕೊಡುವ ಗ್ರ್ಯಾಂಟು ಬರೀ ಮಾತಿಗೆ ಬರುದಿಲ್ಲ," ಎಂದು ಅವರು ನಶ್ಯ ಏರಿಸಿದರು.

ಇನ್‌ಸ್ಪೆಕ್ಟರರು ಬಂದ ದಿನ ಮೂರನೆಯ ತರಗತಿಯ ಅಕ್ಕ ಸ್ಲೇಟು ಪುಸ್ತಕಗಳನ್ನು ಬಟ್ಟೆಯಲ್ಲಿ ಗಂಟು ಕಟ್ಟಿ ತೊಡೆಯ ಮೇಲೆ ಇಟ್ಟುಕೊಂಡಿದ್ದಳು. ಬೇಡವೆಂದರೆ ತಂಗಿಯನ್ನೆತ್ತಿಕೊಂಡು ಹೊರಡಲು ಅನುಕೂಲವಾಗಲೆಂದು. ಗಂಟನ್ನು ಬಿಚ್ಚು ಎಂದು ನಾನು ಹೇಳಲಿಲ್ಲ. ಹೇಳುವ ಅಧಿಕಾರ ನನಗಿರಲಿಲ್ಲ.

ಇನ್‌ಸ್ಪೆಕ್ಟರ್ ಸಾಹೇಬರು ಈ ಸಲ ಟೊಪ್ಪಿಯನ್ನು ಎತ್ತರದ ಮೊಳೆಗೆ ತೂಗುಹಾಕಿದರು. ಜಗಲಿಯಲ್ಲಿ ಸಾಲಾಗಿ ಕುಳಿತ ಗೆರಟೆಧಾರಿಗಳನ್ನು ಕಂಡು, "ಭಿಕ್ಷುಕರ ಸಂಘವೋ?" ಎಂದರು. ಆಮೇಲೆ ಕುರ್ಚಿ ತರಿಸಿ ಕುಳಿತರು. ಕೂಡುವ ಲೆಕ್ಕ ಸರಾಗವಾಗಿ ಹೋಯಿತು. ಮೂರು ಮತ್ತು ಐದು, ನಾಲ್ಕು ಮತ್ತು ಆರು. ಅವರು ಎರಡೆರಡು ಸಲ ಕೇಳಿದರು, ಎರಡೆರಡು ಸಲ ಸರಿ ಬಂತು. ಒಬ್ಬನ ನಾಲ್ಕಕ್ಕೆ ಇನ್ನೊಬ್ಬನಿಂದ ಮೂರು ಹಾಕಿಸಿದರು. ಗೆರಟೆಯಲ್ಲಿ ಎಂಟು ಕಾಯಿ ಕಂಡು ಹುಬ್ಬು ಹಾರಿಸಿದರು.

"ತಪ್ಪು."

"ಲೆಕ್ಕ ಏಳು, ಕೊಸರು ಒಂದು," ಎಂದ ಹುಡುಗ.

ಇನ್‌ಸ್ಪೆಕ್ಟರರು ನನ್ನನ್ನು ನೋಡಿದರು. ನಾನು ಮಾಡಿನ ಮಡಲನ್ನು ನೋಡಿದೆ.

ಕಳೆಯುವುದಕ್ಕೆ ಅವರು ಟೊಪ್ಪಿಯ ತಂಗಿಯನ್ನೇ ಆರಿಸಿದರು. ಗುರುತು ಹಿಡಿದರೋ ಇಲ್ಲವೋ ತಿಳಿಯದು. ಗೆರಟೆಗೆ ನಾಲ್ಕು ಕಾಯಿ ಹಾಕಿಸಿದರು. "ಒಂದು ತೆಗೆ. ಎಷ್ಟು?" ಮೂರು. "ಮತ್ತೆ ಹಾಕು. ಈಗ ನಾಲ್ಕು ತೆಗೆ."

ಅವಳು ಮೂರು ತೆಗೆದು ಕೈ ಕಟ್ಟಿದಳು.

"ಇನ್ನೊಂದುಂಟಲ್ಲ. ತೆಗೆ."

ತೆಗೆಯಲಿಲ್ಲ.

"ಮಾಸ್ತರರೇ, ನೀವು ಹೇಳಿ. ತೆಗೆಯಲಿಕ್ಕೆ ಹೇಳಿ."

"ನಾನು ಹೇಳುವುದಿಲ್ಲ ಸಾರ್," ಎಂದೆ.

ಒಳಗೆ ಮೂರನೆಯ ತರಗತಿಯ ಓದು ನಿಂತಿತು. "ಹೇಳುವುದಿಲ್ಲವೆಂದರೆ?" ಎಂದರು ಇನ್‌ಸ್ಪೆಕ್ಟರರು.

"ಅವಳಿಗೆ ಲೆಕ್ಕ ಬರುತ್ತದೆ ಸಾರ್. ನೀವು ಕೇಳುತ್ತಿರುವುದು ಲೆಕ್ಕವಲ್ಲ, ಬೇರೆ."

ಅವರು ಕುರ್ಚಿಯಿಂದೆದ್ದು, ಬಗ್ಗಿ, ತಮ್ಮ ಕೈಯಾರೆ ಆ ಒಂದು ಕಾಯಿಯನ್ನು ತೆಗೆದು ನೆಲದ ಮೇಲಿಟ್ಟರು. ಅದು ಉರುಳಿತು. ತಂಗಿ ಅದನ್ನು ಹಿಡಿದು ತಂದು ಗೆರಟೆಗೆ ಹಾಕಿದಳು. ಅವರು ಮತ್ತೆ ತೆಗೆದರು. ಅವಳು ಮತ್ತೆ ಹಾಕಿದಳು. ಒಂದು ಕಡೆ ಅಖಂಡ ಮದರಾಸು ಪ್ರಾಂತ, ಇನ್ನೊಂದು ಕಡೆ ನಾಲ್ಕು ವರ್ಷದ ಹುಡುಗಿ. ನಡುವೆ ಒಂದು ಹೊನ್ನೆಕಾಯಿ. ಮೂರನೆಯ ಸಲಕ್ಕೆ ಪ್ರಾಂತದ ಸೊಂಟ ನೋಯಿತು. ಅವರು ಕುರ್ಚಿಯಲ್ಲಿ ಕುಳಿತರು.

"ನಾಲ್ಕರಲ್ಲಿ ನಾಲ್ಕು ತೆಗೆದರೆ ಎಷ್ಟು ಉಳಿಯುತ್ತದೆ, ಹೇಳು."

"ಎಂತ ಇಲ್ಲ," ಎಂದಳು.

"ಗೊತ್ತುಂಟಲ್ಲ! ಮತ್ತೆ ಯಾಕೆ ಒಂದು ಇಟ್ಟೆ?"

"ಎಂತ ಇಲ್ಲ ಆಗ್ತದಲ್ಲ," ಎಂದಳು. "ಅದಕ್ಕೆ."

ಇನ್‌ಸ್ಪೆಕ್ಟರರು ಪಕ್ಕದ ಗೆರಟೆಗಳತ್ತ ನೋಡಿದರು. ಪ್ರತಿಯೊಂದರ ತಳದಲ್ಲಿಯೂ ಒಂದು ಕಾಯಿ. ಅವರ ಕಣ್ಣು ಅಲ್ಲಿಂದ ಒಳಗೆ ಹೋಗಿ, ತೊಡೆಯ ಮೇಲೆ ಗಂಟಿಟ್ಟುಕೊಂಡು ಕುಳಿತ ಅಕ್ಕನ ಮೇಲೆ ಸ್ವಲ್ಪ ಹೊತ್ತು ನಿಂತಿತು. ಆಮೇಲೆ ಮೇಜಿನ ಬಳಿಗೆ ಹೋಗಿ ಅಭಿಪ್ರಾಯ ಬರೆದರು. ಬರೆದು, ಒರೆಸುಕಾಗದ ಒತ್ತಿ, ಟೊಪ್ಪಿ ಇಳಿಸಿಕೊಂಡು, ಬೊಂಡದ ಎಳನೀರನ್ನೂ ಮುಟ್ಟದೆ ಕಡವಿನ ಕಡೆ ನಡೆದುಬಿಟ್ಟರು.

ಹೆಡ್‌ಮಾಸ್ತರರು ಗಟ್ಟಿಯಾಗಿ ಓದಿದರು: "ಶಿಶುವರ್ಗದ ಮಕ್ಕಳಿಗೆ ಕೂಡುವ ಲೆಕ್ಕ ಬರುತ್ತದೆ. ಕಳೆಯುವ ಲೆಕ್ಕ ಇನ್ನೂ ಪೂರ್ತಿಯಾಗಿಲ್ಲ. ಅದು ಪೂರ್ತಿಯಾಗುವವರೆಗೆ ತರಗತಿಯನ್ನು ತಪ್ಪದೆ ಮುಂದುವರಿಸತಕ್ಕದ್ದು."

ಓದಿ ಹಣೆಗೆ ಕೈ ಹಚ್ಚಿದರು. "ಪೂರ್ತಿಯಾಗಿಲ್ಲ ಅಂತ ಬರೆದೇ ಬಿಟ್ರಲ್ಲ! ನಾನು ಎಷ್ಟು ಹೇಳಿದೆ? ಮುಂದಿನ ಸಲ ಬರುವಾಗ ಹೇಗಾದ್ರೂ ಪೂರ್ತಿ ಮಾಡಿಡ್ಬೇಕು ಮಾರಾಯ."

"ಪೂರ್ತಿ ಮಾಡಿದ್ರೆ ತರಗತಿ ನಿಲ್ಸಬೇಕಾಗ್ತದಲ್ಲ, ಹೆಡ್‌ಮಾಸ್ಟ್ರೆ?"

ಅವರು ಕನ್ನಡಕ ಸರಿಮಾಡಿಕೊಂಡು ಮತ್ತೊಮ್ಮೆ ಓದಿದರು. 'ಪೂರ್ತಿಯಾಗುವವರೆಗೆ' ಎಂಬಲ್ಲಿ ಬೆರಳಿಟ್ಟು ಬಹಳ ಹೊತ್ತು ನಿಂತರು. ಆಮೇಲೆ ಒಳಗೆ ಹೋಗಿ ಮೂರನೆಯ ತರಗತಿಯ ಹುಡುಗಿಗೆ, "ಗಂಟು ಎಂತದ್ದು ಅದು? ಬಿಚ್ಚು. ಎಲ್ಲಿಗೆ ನಿಲ್ಸಿದ್ದು, ಅಲ್ಲಿಂದ ಓದು," ಎಂದು ಗದರಿಸಿದರು.

ಅವಳು ಐದನೆಯ ತರಗತಿಯವರೆಗೂ ಓದಿದಳು. ಅವಳ ತಂಗಿಯೂ ಓದಿದಳು. ಅವಳ ಸೊಂಟದ ಮೇಲೆ ಬಂದವನೂ ಓದಿದ. ಆ ಇನ್‌ಸ್ಪೆಕ್ಟರರು ವರ್ಗವಾದರು, ಬೇರೆಯವರು ಬಂದರು, ಕೊನೆಗೆ ರಾಜ್ಯವೇ ಬದಲಾಗಿ, ಮಲಯಾಳದ ಕಡತ ಹಿಡಿದವರು ಬರತೊಡಗಿದರು. ಬಂದವರೆಲ್ಲ ಹಿಂದಿನವರು ಬರೆದದ್ದನ್ನು ಓದಿ, ಜಗಲಿಗೆ ಬಂದು, ಗೆರಟೆಯೊಳಗೆ ಇಣುಕಿ, "ಇನ್ನೂ ಪೂರ್ತಿಯಾಗಿಲ್ಲವೇ?" ಎಂದು ಗಂಭೀರವಾಗಿ ಕೇಳುತ್ತಿದ್ದರು.

"ಪ್ರಯತ್ನ ನಡೆಯುತ್ತಾ ಉಂಟು ಸಾರ್," ಎಂದು ನಾನೂ ಅಷ್ಟೇ ಗಂಭೀರವಾಗಿ ಹೇಳುತ್ತಿದ್ದೆ.

ಆ ಶಾಲೆಯಲ್ಲಿ ನಾನಿದ್ದಷ್ಟು ವರ್ಷ ಅಂಥ ಪ್ರಯತ್ನವೊಂದನ್ನೂ ಯಾರಿಗೂ ಮಾಡಲು ಬಿಡಲಿಲ್ಲ.